ಕೋಕಾ ಎಲೆ, ಕೊಕೇನ್ ಮತ್ತು ಮಿದುಳಿನ ರಚನೆ: ಒಂದು ಜಾನಪದೀಯ ಪರಿಶೀಲನೆ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶದ ಕೆಚುವಾ ಮತ್ತು ಐಮಾರಾ ಜನಸಮುದಾಯಗಳ ಬದುಕಿನಲ್ಲಿ ಕೋಕಾ ಎಲೆಗೆ ಪೂಜ್ಯ ಸ್ಥಾನವಿದೆ. ಅದೇ ಎಲೆಯಿಂದ ಬೇರ್ಪಡಿಸಿದ ಕೊಕೇನ್ ಇಂದು ಜಗತ್ತಿನ ಅಪಾಯಕಾರಿ ಮಾದಕ ವಸ್ತುಗಳಲ್ಲೊಂದು. ಕೊಕೇನನ್ನು ದೀರ್ಘಕಾಲ ಸೇವಿಸಿದವರ ಮಿದುಳಿನ ರಚನೆಯಲ್ಲಿ ವ್ಯತ್ಯಾಸಗಳಿರುವುದನ್ನು ಕಳೆದ ಕೆಲವು ದಶಕಗಳ ವೈದ್ಯಕೀಯ ಸಂಶೋಧನೆ ತೋರಿಸಿಕೊಟ್ಟಿದೆ. ಈ ತೀರ್ಮಾನ ಯಾರನ್ನು ಕುರಿತದ್ದು, ಯಾವ ಬಗೆಯ ಸೇವನೆಯನ್ನು ಕುರಿತದ್ದು, ಅದರಲ್ಲಿ ಕಾರಣ ಯಾವುದು ಪರಿಣಾಮ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಿ ನೋಡದಿದ್ದರೆ ಒಂದು ಜನಸಂಸ್ಕೃತಿಗೂ, ವ್ಯಸನಕ್ಕೆ ಸಿಲುಕಿದ ವ್ಯಕ್ತಿಗೂ ಅನ್ಯಾಯವಾಗುತ್ತದೆ. ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಲೆಯ ಪರಂಪರೆ

ಕೋಕಾ ಜಗಿಯುವ ರೂಢಿ ಬಹಳ ಪ್ರಾಚೀನವಾದುದು. ಉತ್ತರ ಪೆರುವಿನ ನಾಂಚೋಕ್ ಕಣಿವೆಯ ಉತ್ಖನನಗಳಲ್ಲಿ ಸುಮಾರು 8000 ವರ್ಷಗಳ ಹಿಂದಿನ ಕೋಕಾ ಎಲೆಯ ಅವಶೇಷಗಳೂ ಸುಣ್ಣದ ಬಳಕೆಯ ಕುರುಹುಗಳೂ ದೊರೆತಿವೆ. ಟಾಮ್ ಡಿಲ್ಲೆಹೇ ಮತ್ತು ಸಂಗಡಿಗರು 2010ರಲ್ಲಿ ಈ ವಿವರಗಳನ್ನು ಪ್ರಕಟಿಸಿದರು. ಒಣಗಿದ ಎಲೆಗಳನ್ನು ದವಡೆಯಲ್ಲಿಟ್ಟು, ಸುಣ್ಣವನ್ನೋ ಸಸ್ಯಗಳ ಬೂದಿಯಿಂದ ಮಾಡಿದ ‘ಲಿಪ್ತಾ’ ಎಂಬ ಉಂಡೆಯ ಚೂರನ್ನೋ ಸೇರಿಸಿ, ರಸವನ್ನು ನಿಧಾನವಾಗಿ ನುಂಗುವುದು ರೂಢಿ. ಕ್ಷಾರ ಬೆರೆತಾಗ ಎಲೆಯ ಸಾರ ಸುಲಭವಾಗಿ ಹೊರಬರುತ್ತದೆ. ನಮ್ಮ ತಾಂಬೂಲಕ್ಕೂ ಕೋಕಾಕ್ಕೂ ಸಸ್ಯಶಾಸ್ತ್ರೀಯ ಸಂಬಂಧವಿಲ್ಲ; ಆದರೂ ಎಲೆಗೆ ಸುಣ್ಣ ಕೂಡಿಸುವ ಜನಪದ ಜ್ಞಾನ ದೂರದೂರದ ಎರಡು ನೆಲಗಳಲ್ಲಿ ಬೆಳೆದು ಬಂದಿರುವುದು ಗಮನಾರ್ಹ.

ಹಸಿವು, ದಣಿವು ಮತ್ತು ಎತ್ತರದ ಪ್ರದೇಶದ ತಲೆಸುತ್ತನ್ನು ತಾಳಿಕೊಳ್ಳಲು ಕೃಷಿಕರು, ಕುರಿಗಾಹಿಗಳು ಮತ್ತು ಗಣಿ ಕಾರ್ಮಿಕರು ಇದನ್ನು ಜಗಿಯುತ್ತಾರೆ. ಆಚರಣೆಗಳಲ್ಲಿಯೂ ಇದಕ್ಕೆ ಪಾತ್ರವುಂಟು. ಹರಿಯದ, ಮುಕ್ಕಾಗದ ಎಲೆಗಳನ್ನು ಆರಿಸಿ, ಸಾಮಾನ್ಯವಾಗಿ ಮೂರನ್ನು ಜೋಡಿಸಿ, ‘ಕಿಂತು’ ಎಂಬ ಹೆಸರಿನಲ್ಲಿ ಭೂಮಿತಾಯಿ ಪಚಮಾಮಾಳಿಗೂ ಪರ್ವತದೈವಗಳಿಗೂ ಅರ್ಪಿಸಲಾಗುತ್ತದೆ. ಎಲೆಯನ್ನು ಪರಸ್ಪರ ಕೊಟ್ಟುಕೊಳ್ಳುವುದು ನಂಟಿನ ಸಂಕೇತ. ಕಣಿ ಹೇಳುವವರು ಎಲೆಗಳನ್ನು ಚೆಲ್ಲಿ ಶಕುನ ನೋಡುತ್ತಾರೆ. ಒಟ್ಟಿನಲ್ಲಿ ಎಲೆಯ ಸೇವನೆ ಸಮುದಾಯದ ಕಟ್ಟುಪಾಡುಗಳ ಒಳಗೆ ನಡೆಯುವ ಕ್ರಿಯೆಯಾಗಿದೆ.

ಎಲೆಯಿಂದ ಪುಡಿಗೆ

ಜರ್ಮನಿಯ ಗಟಿಂಗೆನ್‌ನಲ್ಲಿ ಆಲ್ಬರ್ಟ್ ನೀಮನ್ 1860ರ ಸುಮಾರಿಗೆ ಎಲೆಯಿಂದ ಕೊಕೇನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ವಿವರಿಸಿದನು. 1884ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅದನ್ನು ಔಷಧಿಯೆಂದು ಹೊಗಳಿ ಬರೆದನು. ಅದೇ ವರ್ಷ ಕಾರ್ಲ್ ಕೋಲರ್ ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ನೋವು ಮರಗಟ್ಟಿಸಲು ಅದನ್ನು ಬಳಸಿದನು. ಒಣ ಎಲೆಯಲ್ಲಿ ಕೊಕೇನಿನ ಅಂಶ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಜಗಿಯುವಾಗ ಆ ಅಲ್ಪಾಂಶವೂ ನಿಧಾನವಾಗಿ ರಕ್ತವನ್ನು ಸೇರುತ್ತದೆ. ಪುಡಿಯನ್ನು ಮೂಗಿನಿಂದ ಸೇದಿದಾಗ ಪರಿಣಾಮ ಕೆಲವು ನಿಮಿಷಗಳಲ್ಲಿ ಕಾಣಿಸುತ್ತದೆ. ಸೂಜಿಮದ್ದಾಗಿ ಚುಚ್ಚಿಕೊಂಡಾಗ ಅಥವಾ ಕ್ರ್ಯಾಕ್ ರೂಪದಲ್ಲಿ ಹೊಗೆಯಾಗಿ ಎಳೆದಾಗ ಸೆಕೆಂಡುಗಳಲ್ಲೇ ಮಿದುಳನ್ನು ಮುಟ್ಟುತ್ತದೆ.

ಮಿದುಳಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು, ಕೆಲಸ ಮುಗಿದೊಡನೆ ಮರಳಿ ಹೀರಿಕೊಳ್ಳುತ್ತವೆ. ಕೊಕೇನ್ ಈ ಮರುಹೀರಿಕೆಯನ್ನು ತಡೆಯುತ್ತದೆ. ಆದುದರಿಂದ ನರಕೋಶಗಳ ನಡುವೆ ಡೋಪಮೈನ್ ಶೇಖರಗೊಂಡು ತೀವ್ರ ಉಲ್ಲಾಸ ಉಂಟಾಗುತ್ತದೆ. ಏರಿಕೆ ಎಷ್ಟು ವೇಗವೋ ಮತ್ತೆ ಬೇಕೆನ್ನುವ ತುಡಿತವೂ ಅಷ್ಟು ಬಲವಾಗಿರುತ್ತದೆ. ಇದರೊಡನೆ ರಕ್ತನಾಳಗಳು ಸಂಕುಚಿಸುವುದರಿಂದ ಮಿದುಳಿಗೆ ರಕ್ತದ ಕೊರತೆಯೂ ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತವೆ.

ಮಿದುಳಿನ ರಚನೆಯಲ್ಲಿನ ವ್ಯತ್ಯಾಸಗಳು

ಕೇಂಬ್ರಿಜ್ ವಿಶ್ವವಿದ್ಯಾಲಯದ ಕಾರೆನ್ ಎರ್ಶೆ ಮತ್ತು ಸಂಗಡಿಗರು 2011ರಲ್ಲಿ ಕೊಕೇನ್ ವ್ಯಸನಿಗಳಾದ 60 ಮಂದಿಯ ಮಿದುಳಿನ ಎಂ.ಆರ್.ಐ. ಚಿತ್ರಗಳನ್ನು ವ್ಯಸನವಿಲ್ಲದ 60 ಮಂದಿಯ ಚಿತ್ರಗಳೊಡನೆ ಹೋಲಿಸಿದರು. ಕಣ್ಣುಗೂಡಿನ ಮೇಲ್ಭಾಗದ ಹೊರಪದರ, ಇನ್ಸುಲಾ ಮೊದಲಾದ ಕಡೆ ವ್ಯಸನಿಗಳಲ್ಲಿ ಬೂದುದ್ರವ್ಯ, ಅಂದರೆ ನರಕೋಶಗಳು ದಟ್ಟವಾಗಿರುವ ಅಂಗಾಂಶ, ಕಡಿಮೆಯಿತ್ತು. ಸೇವನೆಯ ಅವಧಿ ದೀರ್ಘವಾದಷ್ಟೂ ಈ ಕೊರತೆ ಹೆಚ್ಚಾಗಿತ್ತು. ರೂಢಿಗೊಂಡ ವರ್ತನೆಗೆ ಸಂಬಂಧಿಸಿದ ಒಳಭಾಗದ ಕೆಲವು ನರಕೇಂದ್ರಗಳು ಮಾತ್ರ ಗಾತ್ರದಲ್ಲಿ ದೊಡ್ಡದಾಗಿದ್ದವು. ಇದೇ ತಂಡ 2013ರಲ್ಲಿ ಪ್ರಕಟಿಸಿದ ವರದಿಯಂತೆ, ವಯಸ್ಸಿನೊಡನೆ ಬೂದುದ್ರವ್ಯ ಕುಗ್ಗುವ ಪ್ರಮಾಣ ವ್ಯಸನಿಗಳಲ್ಲಿ ವರ್ಷಕ್ಕೆ 3.08 ಮಿಲಿಲೀಟರ್, ಉಳಿದವರಲ್ಲಿ 1.69 ಮಿಲಿಲೀಟರ್. ಹೊರಪದರದ ಈ ಭಾಗಗಳು ವಿವೇಚನೆ, ಸಂಯಮ ಮತ್ತು ದೇಹದ ಅರಿವಿಗೆ ಸಂಬಂಧಿಸಿದವು ಎಂಬುದರಿಂದ ಈ ಫಲಿತಾಂಶಗಳಿಗೆ ಮಹತ್ವವಿದೆ.

ಕಾರಣವೋ ಪರಿಣಾಮವೋ?

ಒಂದೇ ಕಾಲದಲ್ಲಿ ಇಬ್ಬಗೆಯ ಜನರನ್ನು ಹೋಲಿಸುವ ಅಧ್ಯಯನ ಸಂಬಂಧವನ್ನು ತೋರಿಸಬಲ್ಲದು. ಕಾರಣವನ್ನು ತಾನಾಗಿಯೇ ಸಿದ್ಧಪಡಿಸಲಾರದು. ಎರ್ಶೆ ತಂಡದ 2012ರ ಇನ್ನೊಂದು ಅಧ್ಯಯನ ಈ ದೃಷ್ಟಿಯಿಂದ ಮುಖ್ಯವಾದುದು. ಕೊಕೇನಿನಂತಹ ಉತ್ತೇಜಕಗಳ ವ್ಯಸನವಿದ್ದ 50 ಮಂದಿಯನ್ನು, ವ್ಯಸನವಿಲ್ಲದ ಅವರ ಒಡಹುಟ್ಟಿದವರನ್ನು ಮತ್ತು ಸಂಬಂಧವಿಲ್ಲದ 50 ಮಂದಿಯನ್ನು ಅಲ್ಲಿ ಪರೀಕ್ಷಿಸಲಾಯಿತು. ಮಿದುಳಿನ ರಚನೆಯ ಕೆಲವು ವ್ಯತ್ಯಾಸಗಳು ಮತ್ತು ಆತ್ಮನಿಯಂತ್ರಣದ ದೌರ್ಬಲ್ಯ ವ್ಯಸನವಿಲ್ಲದ ಒಡಹುಟ್ಟಿದವರಲ್ಲಿಯೂ ಕಂಡುಬಂದವು. ಹಾಗಾಗಿ ಒಂದು ಪಾಲು ವ್ಯತ್ಯಾಸ ಸೇವನೆಗೆ ಮೊದಲೇ ಇದ್ದಿರಬಹುದು. ಅಂತಹ ಮಿದುಳನ್ನು ಹೊಂದಿಯೂ ಒಡಹುಟ್ಟಿದವರು ವ್ಯಸನಕ್ಕೆ ಬೀಳಲಿಲ್ಲವೆಂಬುದು ಅಷ್ಟೇ ಮಹತ್ವದ ಸಂಗತಿ. ಜ್ಯೂರಿಕ್‌ನಲ್ಲಿ ಕೊಕೇನ್ ಬಳಕೆದಾರರನ್ನು ಕಾಲಾಂತರದಲ್ಲಿ ಮತ್ತೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸೇವನೆ ಹೆಚ್ಚಿಸಿದವರಲ್ಲಿ ಹಣೆಭಾಗದ ಹೊರಪದರ ತೆಳುವಾಗುವುದನ್ನೂ ತಗ್ಗಿಸಿದವರಲ್ಲಿ ಅದು ಚೇತರಿಸಿಕೊಳ್ಳುವುದನ್ನೂ ಸೂಚಿಸಿತು. ವ್ಯಸನಿಯ ಮಿದುಳು ಮರಳಿ ಬಾರದಂತೆ ಕೆಟ್ಟುಹೋಗಿದೆ ಎಂಬ ಜನಜನಿತ ಭಾವನೆಗೆ ಈ ಫಲಿತಾಂಶಗಳಲ್ಲಿ ಪೂರ್ಣ ಆಧಾರ ದೊರೆಯುವುದಿಲ್ಲ.

ಎಲೆಯ ಮೇಲಿನ ತೀರ್ಪು

ಮೇಲೆ ಹೇಳಿದ ಚಿತ್ರಣ ಅಧ್ಯಯನಗಳೆಲ್ಲವೂ ಯುರೋಪಿನ ನಗರಗಳಲ್ಲಿ ಶುದ್ಧೀಕರಿಸಿದ ಕೊಕೇನ್ ಬಳಸಿದವರನ್ನು ಕುರಿತವು. ಅವರಲ್ಲಿ ಅನೇಕರು ತಂಬಾಕು, ಮದ್ಯಗಳನ್ನೂ ಬಳಸುವವರು. ಎಲೆ ಜಗಿಯುವ ಆಂಡೀಸ್ ರೈತನಿಗೆ ಈ ಫಲಿತಾಂಶಗಳನ್ನು ನೇರವಾಗಿ ಅನ್ವಯಿಸಲಾಗದು. ಹಾಗೆಂದು ಎಲೆ ಸಂಪೂರ್ಣ ನಿರಪಾಯಕಾರಿ ಎಂದು ಸಾರುವುದೂ ಸರಿಯಲ್ಲ: 1967ರಲ್ಲಿ ನೆಗ್ರೆಟೆ ಮತ್ತು ಮರ್ಫಿ ಅವರು ಎಲೆ ಜಗಿಯುವವರಲ್ಲಿ ಮಾನಸಿಕ ಸಾಮರ್ಥ್ಯದ ಕೆಲವು ಕೊರತೆಗಳನ್ನು ವರದಿ ಮಾಡಿದ್ದರು. ಬಡತನ, ಅಪೌಷ್ಟಿಕತೆ ಮತ್ತು ಶಿಕ್ಷಣದ ಅಭಾವಗಳ ಪಾಲನ್ನು ಇಂತಹ ಪರೀಕ್ಷೆಗಳಲ್ಲಿ ಬೇರ್ಪಡಿಸುವುದು ಸುಲಭವಲ್ಲ.

ಕಾನೂನು ಇಷ್ಟು ತಾಳ್ಮೆ ತೋರಲಿಲ್ಲ. ವಿಶ್ವಸಂಸ್ಥೆಯ ಆಯೋಗವೊಂದು 1950ರಲ್ಲಿ, ಎಲೆ ಜಗಿಯುವುದನ್ನು ವೈದ್ಯಕೀಯ ಅರ್ಥದಲ್ಲಿ ವ್ಯಸನವೆನ್ನಲಾಗದು ಎಂದು ಒಪ್ಪಿಕೊಂಡೂ ಅದರ ನಿರ್ಮೂಲನೆಗೆ ಶಿಫಾರಸು ಮಾಡಿತು. 1961ರ ಅಂತಾರಾಷ್ಟ್ರೀಯ ಒಪ್ಪಂದವು ಎಲೆಯನ್ನೂ ಕೊಕೇನನ್ನೂ ಒಂದೇ ಪಟ್ಟಿಗೆ ಸೇರಿಸಿ, ಜಗಿಯುವ ರೂಢಿಯನ್ನು 25 ವರ್ಷಗಳೊಳಗೆ ಕೊನೆಗೊಳಿಸಬೇಕೆಂದು ವಿಧಿಸಿತು. ಅದೇ ಒಪ್ಪಂದ ಗಾಂಜಾದ ವ್ಯಾಖ್ಯೆಯಿಂದ, ಹೂ-ಕಾಯಿಯ ತುದಿಗಳಿಲ್ಲದ ಎಲೆಯನ್ನು ಹೊರಗಿರಿಸಿತ್ತು. ಭಾರತದ 1985ರ ಮಾದಕ ವಸ್ತು ಕಾಯಿದೆಯೂ ಈ ವ್ಯಾಖ್ಯೆಯನ್ನು ಅನುಸರಿಸಿದ್ದರಿಂದ ಭಂಗಿ ಸೊಪ್ಪಿನ ಬಳಕೆ ಆ ಕಾಯಿದೆಯ ನಿಷೇಧದಿಂದ ಹೊರಗುಳಿಯಿತು. ಎಲೆಗೂ ಸಾರಕ್ಕೂ ನಡುವಣ ಭೇದವನ್ನು ಒಂದು ಗಿಡದ ವಿಷಯದಲ್ಲಿ ಮನ್ನಿಸಿದ ಕಾನೂನು ಇನ್ನೊಂದರ ವಿಷಯದಲ್ಲಿ ಮನ್ನಿಸಲಿಲ್ಲ. ಬೊಲಿವಿಯಾ 2009ರ ಸಂವಿಧಾನದಲ್ಲಿ ಕೋಕಾವನ್ನು ಸಾಂಸ್ಕೃತಿಕ ಪರಂಪರೆಯೆಂದು ಸಾರಿ, ಒಪ್ಪಂದದಿಂದ ಹೊರಬಂದು, ತನ್ನ ನೆಲದಲ್ಲಿ ಎಲೆ ಜಗಿಯುವ ಹಕ್ಕನ್ನು ಕಾಯ್ದಿರಿಸಿಕೊಂಡು 2013ರಲ್ಲಿ ಮರಳಿ ಸೇರಿತು.

ಕೊಕೇನ್ ಮಿದುಳಿಗೆ ಹಾನಿಕರವೆಂಬ ವಿಜ್ಞಾನದ ಎಚ್ಚರಿಕೆಯನ್ನು ಲಘುವಾಗಿ ಕಾಣುವಂತಿಲ್ಲ. ಆ ಎಚ್ಚರಿಕೆಯ ವ್ಯಾಪ್ತಿ ಎಲ್ಲಿಯವರೆಗೆ ಎಂಬುದನ್ನು ಗುರುತಿಸಲು ಪ್ರಮಾಣ, ವಿಧಾನ ಮತ್ತು ಸಂದರ್ಭಗಳ ವಿವರ ಬೇಕು. ಜನಪದ ಆಚರಣೆಗಳ ಕ್ಷೇತ್ರಾಧ್ಯಯನ ಒದಗಿಸಬಲ್ಲ ವಿವರಗಳು ಇವೇ ಆಗಿವೆ. ನರವಿಜ್ಞಾನಿ ಮತ್ತು ಜಾನಪದ ವಿದ್ವಾಂಸ ಒಂದೇ ಪ್ರಶ್ನೆಯ ಎದುರು ಕೂಡಿ ಕುಳಿತಾಗ ಮಾತ್ರ ಎಲೆಯ ಮೇಲೆಯೂ ವ್ಯಸನಿಯ ಮೇಲೆಯೂ ನ್ಯಾಯವಾದ ತೀರ್ಪು ಸಾಧ್ಯವಾದೀತು.