ಬಾಗಿದವರು ಉಳಿಸಿಕೊಂಡ ನಂಬಿಕೆ

ಮಧುಗಿರಿಯ ಬೆಟ್ಟಕ್ಕೆ ಚಾರಣ ಬರುವವರು ಬಂಡೆಯ ನುಣುಪು ನೋಡುತ್ತಾರೆ, ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಇಳಿಯುತ್ತಾರೆ. ಈ ಕೋಟೆಯಲ್ಲಿ ಒಂದು ರಾಜ್ಯವೇ ಸೆರೆಯಿತ್ತು ಎನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. 1763ರಲ್ಲಿ ಹೈದರ್ ಅಲಿ ಕೆಳದಿ ನಾಯಕರ ರಾಜಧಾನಿ ಬಿದನೂರನ್ನು ಗೆದ್ದಾಗ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವರ ದತ್ತುಮಗನನ್ನೂ ಕಳಿಸಿದ್ದು ಇಲ್ಲಿಗೆ. ಮಲೆನಾಡಿನ ಮಳೆಯಲ್ಲಿ ಬಾಳಿದ ಹೆಣ್ಣುಮಗಳು ನಮ್ಮ ಸೀಮೆಯ ಬಿಸಿಲುಬಂಡೆಯ ಮೇಲೆ ನಾಲ್ಕು ವರ್ಷ ಕಳೆದರು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದು ಅವರನ್ನು ಬಿಡಿಸಿತು. ಪುಣೆಯ ದಾರಿಯಲ್ಲೇ ರಾಣಿ ತೀರಿಕೊಂಡರು. ಅವರೊಂದಿಗೆ ಕೆಳದಿಯ ಕಥೆಯೂ ಮುಗಿಯಿತು.

ಈ ರಾಣಿಗೂ ಕರಾವಳಿಯ ಕ್ರೈಸ್ತರಿಗೂ ಏನು ಸಂಬಂಧ? ಬಹಳ ಇದೆ. ಗೋವೆಯಲ್ಲಿ ಪೋರ್ಚುಗೀಸರ ಧರ್ಮವಿಚಾರಣೆಯ ಕಾಟಕ್ಕೆ, ಬರಕ್ಕೆ, ಆಮೇಲೆ ಮರಾಠರ ದಾಳಿಗೆ ಬೇಸತ್ತ ಕೊಂಕಣಿ ಕ್ರೈಸ್ತರು ತಂಡತಂಡವಾಗಿ ತೆಂಕಣ ಕರಾವಳಿಗೆ ಇಳಿದಾಗ ಅವರಿಗೆ ನೆಲ ಸಿಕ್ಕಿದ್ದು ಕೆಳದಿಯ ಆಳ್ವಿಕೆಯಲ್ಲಿ. ಬೇಸಾಯ ಬಲ್ಲ ಕೈಗಳು ನಾಯಕರಿಗೆ ಬೇಕಿದ್ದವು, ಗದ್ದೆ ಇವರಿಗೆ ಬೇಕಿತ್ತು. ಶಿವಭಕ್ತರ ಈ ಮನೆತನ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡಿತು, ಆದರೆ ಪೋರ್ಚುಗೀಸರ ಧರ್ಮ ಹಿಡಿದ ಒಕ್ಕಲುಗಳನ್ನು ಇಟ್ಟುಕೊಂಡಿತು. ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಪೋರ್ಚುಗೀಸರೊಂದಿಗೆ ಆದ ಒಪ್ಪಂದ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಲು ಅವಕಾಶ ಕೊಟ್ಟಿತು. 1681ರಿಂದ ಮೂರು ವರ್ಷ ಕರಾವಳಿಯಲ್ಲಿ ಓಡಾಡಿ ಜನರನ್ನು ಒಗ್ಗೂಡಿಸಿದ ಪಾದ್ರಿ ಜೋಸೆಫ್ ವಾಜ್ ಆಮೇಲೆ ಸಿಂಹಳಕ್ಕೆ ಹೋದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದ್ದು ಕೊಲಂಬೊದಲ್ಲಿ.

ಹಾಗಾಗಿ ವೀರಮ್ಮಾಜಿ ಮಧುಗಿರಿಯ ಬೆಟ್ಟ ಹತ್ತಿದಾಗ ಘಟ್ಟದ ಕೆಳಗಿನ ಕ್ರೈಸ್ತರೂ ತಮ್ಮ ಆಸರೆ ಕಳೆದುಕೊಂಡರು. ಆ ಹೊತ್ತಿಗೆ ಅವರಿಗೆ ಅದು ತಿಳಿದಿರಲಾರದು. ಹೈದರನೂ ಮೊದಮೊದಲು ಅವರನ್ನು ಕೆಣಕಲಿಲ್ಲ. ಆದರೆ 1768ರಲ್ಲಿ ಇಂಗ್ಲಿಷರು ಕೆಲಕಾಲ ಮಂಗಳೂರು ಹಿಡಿದಾಗಲೇ ಕ್ರೈಸ್ತರು ಅವರಿಗೆ ನೆರವಾದರೆಂಬ ಶಂಕೆ ಹುಟ್ಟಿತು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಬಿದನೂರಿನವರೆಗೂ ನುಗ್ಗಿ, ಸೋತು, ಸೆರೆಸಿಕ್ಕ. ಅವನಿಗೆ ಕ್ರೈಸ್ತರು ಹಣ ಕೊಟ್ಟರು, ದಾರಿ ತೋರಿದರು ಎಂಬ ಆರೋಪ ಬಂತು. ಕೆಲವರು ಕೊಟ್ಟಿದ್ದರೂ ಕೊಟ್ಟಿರಬಹುದು. ಅದಕ್ಕೆ ಎದೆಹಾಲಿನ ಕೂಸಿನಿಂದ ಹಿಡಿದು ಹಣ್ಣುಮುದುಕರವರೆಗೆ ಎಲ್ಲರೂ ದಂಡ ತೆತ್ತರು.

ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಹೈದರನ ಮಗ ಟಿಪ್ಪು ಇಂಗ್ಲಿಷರಿಂದ ಮಂಗಳೂರನ್ನು ಮರಳಿ ಪಡೆದದ್ದು 1784ರ ಜನವರಿ ಕೊನೆಯಲ್ಲಿ. ಮುಂದಿನ ತಿಂಗಳು, ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರದ ಹೊತ್ತಿಗೆ, ಕರಾವಳಿಯ ಕ್ರೈಸ್ತರನ್ನು ಒಮ್ಮೆಲೇ ಹಿಡಿದರೆಂದು ಸಮುದಾಯ ನೆನಪಿಟ್ಟುಕೊಂಡಿದೆ. ಪಾದ್ರಿಗಳನ್ನು ಗೋವೆಗೆ ಅಟ್ಟಿದರು. 27 ಚರ್ಚುಗಳು ನೆಲಸಮವಾದವು. ಮೂಡುಬಿದಿರೆಯ ಹೊಸಬೆಟ್ಟಿನ ಚರ್ಚು ಮಾತ್ರ ಜೈನ ಅರಸ ಚೌಟರ ಮಾತಿನಿಂದ ಉಳಿಯಿತೆನ್ನುತ್ತಾರೆ. ಉಳಿದ ಜನ ಘಟ್ಟ ಹತ್ತಿ, ಕೊಡಗು ದಾಟಿ, ಶ್ರೀರಂಗಪಟ್ಟಣಕ್ಕೆ ನಡೆದರು.

ಎಷ್ಟು ಜನ? ಇಲ್ಲೊಂದು ಎಚ್ಚರಿಕೆ ಬೇಕು. ಟಿಪ್ಪುವಿನ ಸೆರೆಯಲ್ಲಿ ವರ್ಷಗಟ್ಟಲೆ ಇದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ 30 ಸಾವಿರ ಎಂದ. ಬೇರೆಯವರು 60 ಸಾವಿರ ಎಂದರು. ಟಿಪ್ಪುವನ್ನು ರಾಕ್ಷಸನನ್ನಾಗಿ ತೋರಿಸುವುದರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಲಾಭವಿತ್ತು, ದೊಡ್ಡ ಸಂಖ್ಯೆ ಹೇಳುವುದರಲ್ಲಿ ಟಿಪ್ಪುವಿನ ಆಸ್ಥಾನದವರಿಗೂ ಹೆಮ್ಮೆಯಿತ್ತು. ನಮ್ಮ ಕಾಲದ ಟಿಪ್ಪು ಜಯಂತಿ ಜಗಳವಂತೂ ಇಡೀ ಸಂಗತಿಯನ್ನು ಘೋಷಣೆಯ ಮಟ್ಟಕ್ಕೆ ತಂದಿಟ್ಟಿದೆ. ಮರಾಠರ ದಂಡು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳಿಸಿದವನೂ ಇದೇ ಟಿಪ್ಪು, ಕೂಸುಕುನ್ನಿಗಳನ್ನು ಘಟ್ಟ ಹತ್ತಿಸಿದವನೂ ಇದೇ ಟಿಪ್ಪು. ಎರಡನ್ನೂ ಒಟ್ಟಿಗೆ ಹೇಳಲಾಗದವರು ಚರಿತ್ರೆ ಬರೆಯುವ ಗೋಜಿಗೆ ಹೋಗದಿದ್ದರೆ ಒಳ್ಳೆಯದು.

ಜನರನ್ನು ಬೇರುಸಮೇತ ಕಿತ್ತು ಬೇರೆಡೆ ನೆಡುವುದು ಆ ಕಾಲದ ರಾಜರಿಗೆ ಆಡಳಿತದ ಕೆಲಸವೇ ಆಗಿತ್ತು. ಇದನ್ನು ತಿಳಿಯಲು ನಾವು ಕರಾವಳಿಗೆ ಹೋಗಬೇಕಿಲ್ಲ, ಶಿರಾ ಸಾಕು. ಮೊಗಲರ ಸುಬೇದಾರಿಯ ಪಟ್ಟಣವಾಗಿ, ಅರಮನೆ ಉದ್ಯಾನಗಳಿಗೆ ಹೆಸರಾಗಿದ್ದ ಶಿರಾದಿಂದ 12 ಸಾವಿರ ಕುಟುಂಬಗಳನ್ನು ಟಿಪ್ಪು ಬಲವಂತವಾಗಿ ಎಬ್ಬಿಸಿ, ಶ್ರೀರಂಗಪಟ್ಟಣದ ದ್ವೀಪದಲ್ಲಿ ತಾನು ಕಟ್ಟಿಸಿದ ಶಹರ್ ಗಂಜಾಮಿಗೆ ಸಾಗಿಸಿದ ಎಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಹೊಸ ಪೇಟೆಗೆ ಕಸುಬುದಾರರು ಬೇಕಿದ್ದರು, ಅಷ್ಟೆ. ಶಿರಾದ ಮಲಿಕ್ ರಿಹಾನ್ ದರ್ಗಾವೂ ಜುಮ್ಮಾ ಮಸೀದಿಯೂ ಇಂದಿಗೂ ನಿಂತಿವೆ. ಅವುಗಳ ಸುತ್ತಲಿದ್ದ ಜನರಲ್ಲಿ ಬಹುಪಾಲು ಹಾಗೆ ಹೊರಟುಹೋದರು. ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ.

ಹೀಗೆ ಒಂದೇ ದ್ವೀಪದಲ್ಲಿ ಬಯಲುಸೀಮೆಯ ಶಿರಾದವರೂ ಕರಾವಳಿಯ ಕೊಂಕಣಿಗಳೂ ಸೇರಿದರು. ಒಬ್ಬರು ಊರು ಕಳೆದುಕೊಂಡವರು. ಇನ್ನೊಬ್ಬರು ಊರಿನ ಜೊತೆಗೆ ದೇವರ ಹೆಸರನ್ನೂ ಕಳೆದುಕೊಳ್ಳಬೇಕಾಗಿ ಬಂದವರು. ಸೆರೆಯಾದ ಕ್ರೈಸ್ತರಿಗೆ ಬಲವಂತದಿಂದ ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ಪ್ರಾಯದ ಹುಡುಗರನ್ನು ಮತಾಂತರಗೊಂಡವರ ಪಡೆಗಳಿಗೆ ಸೇರಿಸಿದರು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಸಾವಿರಾರು.

ಇಂಥ ಸ್ಥಿತಿಯಲ್ಲಿ ಕಥೋಲಿಕ ನಂಬಿಕೆಯನ್ನು ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ಹೊರಗಿನವರಿಗೆ ಚಟ್ಟನೆ ಹೊಳೆಯುವುದಿಲ್ಲ. ಮನಸ್ಸಿನಲ್ಲೇ ದೇವರನ್ನು ನೆನೆದರೆ ಸಾಲದೇ ಎನ್ನಬಹುದು. ಸಾಲದು. ಪಾದ್ರಿಯಿಲ್ಲದೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ, ಸಾಯುವವರಿಗೆ ಅಂತ್ಯಾಭ್ಯಂಗವಿಲ್ಲ. ಪಾದ್ರಿಗಳೆಲ್ಲ ಗೋವೆಯಲ್ಲಿದ್ದರು. ಆ ಧರ್ಮದ ನಿಯಮ ಉಳಿಸಿಕೊಟ್ಟದ್ದು ಸ್ವಲ್ಪವೇ: ತುರ್ತಿನಲ್ಲಿ ಯಾರು ಬೇಕಾದರೂ ನೀರು ಹೊಯ್ದು ಮಗುವಿಗೆ ದೀಕ್ಷಾಸ್ನಾನ ಕೊಡಬಹುದು, ಮತ್ತೆ ಜಪ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಜಪಮಾಲೆಗೆ ಮಣಿ ಇಲ್ಲದಿದ್ದರೂ ಹತ್ತು ಬೆರಳಿವೆ. ಸೂರ್ಯ ಮುಳುಗಿದ ಮೇಲೆ ಮನೆಯವರೆಲ್ಲ ಕೂತು ತೇರ್ಸ್ ಎಂಬ ಜಪಮಾಲೆ ಪ್ರಾರ್ಥನೆ ಹೇಳಿ, ಮುಗಿದಾಗ ಮಕ್ಕಳು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಪಡೆಯುವ ಕೊಂಕಣಿ ಮನೆಗಳ ಪದ್ಧತಿಯನ್ನು ನೋಡಿದವರಿಗೆ ಗೊತ್ತು, ಅಲ್ಲಿ ಪಾದ್ರಿಗೆ ಕೆಲಸವಿಲ್ಲ. ಅಜ್ಜಿಯೇ ಎಲ್ಲ.

ಲೆಕ್ಕ ಹಾಕಿ ನೋಡಿ. 1784ರಲ್ಲಿ ಆ ನಡಿಗೆಯ ದಾರಿಯಲ್ಲಿ ಹುಟ್ಟಿದ ಮಗುವಿಗೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹದಿನೈದು. ಅದು ಚರ್ಚು ಕಂಡಿರಲಿಲ್ಲ, ಪೂಜೆ ಕಂಡಿರಲಿಲ್ಲ, ಊರವರ ಕಿವಿಗೆ ಬೀಳುವ ಹೆಸರೂ ಬೇರೆಯೇ. ಅಂಥವರು ಗುಂಪುಗುಂಪಾಗಿ ಬಂದು ತಾವು ಕ್ರೈಸ್ತರು ಎಂದರು.

ಬಂದದ್ದು ಯಾರ ಬಳಿಗೆ ಎಂಬುದು ಈ ಕಥೆಯ ವಿಚಿತ್ರ ತಿರುವು. ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, ಟಿಪ್ಪು ಸತ್ತ ವರ್ಷವೇ ಮೈಸೂರಿಗೆ ಬಂದವರು, ಗಂಜಾಮಿನಲ್ಲಿ ಚರ್ಚು ಎಬ್ಬಿಸಿದರು. ಟಿಪ್ಪುವಿನ ಗುಂಬಜ್ ಇರುವುದೂ ಅದೇ ಗಂಜಾಮಿನಲ್ಲಿ. ಈ ನಾಡಿನ ಉಡುಪು ತೊಟ್ಟು, ರುಮಾಲು ಸುತ್ತಿ, ಈ ನಾಡಿನ ಊಟ ಮಾಡಿ, ಜನರಿಂದ ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡ ಮನುಷ್ಯ. ಸಿಡುಬಿಗೆ ಲಸಿಕೆ ಬಂದ ಹೊಸತರಲ್ಲಿ, 1803–04ರಲ್ಲಿ, ಸುಮಾರು 25 ಸಾವಿರ ಜನರಿಗೆ ಅದನ್ನು ಹಾಕಿಸಿದವರು. ಹಿಂದೂ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಪುಸ್ತಕದ ಹಸ್ತಪ್ರತಿಯನ್ನು ಕಂಪನಿಯೇ ಕೊಂಡು ಅಚ್ಚು ಹಾಕಿಸಿತು. ಕೆಲಸಗಾರ, ಕರುಣಾಳು. ಆದರೆ ಮರಳಿ ಬಂದ ಸೆರೆಯಾಳುಗಳ ಬಗ್ಗೆ ಅವರ ಮನಸ್ಸು ಕಲ್ಲು.

1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ದ್ಯುಬುವಾ ಈ ಪ್ರಸಂಗವನ್ನು ನಾಚಿಕೆಗೇಡು ಎಂದೇ ಬರೆದರು. 60 ಸಾವಿರ ಜನರಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟ ಹುತಾತ್ಮ ಒಬ್ಬನೂ ಇಲ್ಲ, ಎಲ್ಲರೂ ಒಟ್ಟಾಗಿ ಧರ್ಮ ಬಿಟ್ಟರು ಎಂಬುದು ಅವರ ದೂರು. ಆಮೇಲೆ ಆ ಜನ ಬಂದು, ಬಿಟ್ಟದ್ದು ಹೊರಗೆ ಮಾತ್ರ, ಎದೆಯೊಳಗೆ ಕ್ರಿಸ್ತನನ್ನು ಬಿಟ್ಟಿರಲಿಲ್ಲ ಎಂದರಂತೆ. ಅವರಲ್ಲಿ ಸುಮಾರು ಎರಡು ಸಾವಿರ ಮಂದಿ ತಮ್ಮ ಕಣ್ಣಿಗೇ ಬಿದ್ದರು, ಹತ್ತಿರಹತ್ತಿರ 20 ಸಾವಿರ ಮಂದಿ ಮಂಗಳೂರು ಸೀಮೆಗೆ ಮರಳಿ ಚರ್ಚುಗಳನ್ನು ಮತ್ತೆ ಕಟ್ಟಿದರು ಎಂದೂ ಅವರೇ ಬರೆಯುತ್ತಾರೆ. ಆದರೆ ಆ ಮಾತು ಅವರಿಗೆ ಸಾಲಲಿಲ್ಲ. ಇಂಥ ಪರೀಕ್ಷೆ ಮತ್ತೊಮ್ಮೆ ಬಂದರೆ ಇವರು ಮತ್ತೆ ಹಾಗೆಯೇ ಮಾಡುತ್ತಾರೆ ಎಂಬ ಅನುಮಾನವನ್ನೂ ಸೇರಿಸಿದರು.

ಓದುವಾಗ ನನಗೆ ಸಿಟ್ಟು ಬರುತ್ತದೆ. ದ್ಯುಬುವಾ ಫ್ರಾನ್ಸ್ ಬಿಟ್ಟದ್ದು ಕ್ರಾಂತಿಯ ನಡುವೆ, 1792ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾದ್ರಿಗಳನ್ನು ಕಡಿದು ಹಾಕಿದರು. ಅಲ್ಲಿ ನಿಂತು ಸಾಯದೆ ಇಲ್ಲಿಗೆ ಬಂದು ಬದುಕಿದ್ದಕ್ಕೆ ದ್ಯುಬುವಾರನ್ನು ಯಾರೂ ಹೇಡಿ ಎನ್ನಲಾರರು, ಎನ್ನಬಾರದು ಕೂಡ. ಆ ರಿಯಾಯಿತಿಯನ್ನು ಅವರು ಬಾರಕೂರಿನ ಒಕ್ಕಲಿಗನಿಗೆ, ಉಳ್ಳಾಲದ ವಿಧವೆಗೆ ಕೊಡಲಿಲ್ಲ. ಕೈಯಲ್ಲಿ ಮಗು ಹಿಡಿದು ಕತ್ತಿಯ ಮುಂದೆ ನಿಂತವಳು ಹೂಂ ಅಂದರೆ ಅದನ್ನು ಧರ್ಮತ್ಯಾಗ ಎಂದು ಬರೆದುಕೊಳ್ಳಲು ದೊಡ್ಡ ವಿದ್ವತ್ತೇನೂ ಬೇಡ. ಹದಿನೈದು ವರ್ಷದ ಮೇಲೆ, ಯಾವ ಬಲವಂತವೂ ಇಲ್ಲದಾಗ, ಅವಳು ಬಂದು ಮಂಡಿಯೂರಿದ್ದನ್ನು ಏನೆಂದು ಬರೆಯುವುದು? ಹುತಾತ್ಮರ ಲೆಕ್ಕ ಹಾಕಿದರೆ ಈ ಜನಕ್ಕೆ ಸೊನ್ನೆ ಬರುತ್ತದೆ. ಮರಳಿ ಬಂದವರ ಲೆಕ್ಕ ದ್ಯುಬುವಾ ಅವರದೇ ಪುಸ್ತಕದಲ್ಲಿದೆ.

ಇನ್ನೊಬ್ಬ ಸಾಕ್ಷಿ ಇದ್ದಾನೆ, ಅವನಿಗೆ ಧರ್ಮದ ಉಸಾಬರಿಯೇ ಇರಲಿಲ್ಲ. ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆ ಸುತ್ತುತ್ತಾ ಶಿರಾ, ಮಧುಗಿರಿಗಳಿಗೂ ಬಂದ. ನಮ್ಮ ಕಡೆಯ ಕಬ್ಬಿಣದ ಕುಲುಮೆಗಳನ್ನು ಬಿಡದೆ ನೋಡಿ, ಬರೆದುಕೊಂಡ. ಕೆಲವೇ ತಿಂಗಳ ನಂತರ, 1801ರ ಆರಂಭದಲ್ಲಿ, ಮಂಗಳೂರಿನಲ್ಲಿದ್ದ. ಕುಲುಮೆಯ ವಿವರ ಬರೆದಷ್ಟೇ ನಿರ್ಲಿಪ್ತವಾಗಿ ಕ್ರೈಸ್ತರದ್ದನ್ನೂ ದಾಖಲಿಸಿದ: ಬಲವಂತದಿಂದ ಮುಸಲ್ಮಾನರಾದವರು ಬಹುಪಾಲು ಪಾದ್ರಿಗಳೊಂದಿಗೆ ರಾಜಿಯಾಗಿದ್ದಾರೆ, 15 ಸಾವಿರ ಜನ ಆಗಲೇ ಮಂಗಳೂರು ಸುತ್ತಮುತ್ತ ಬಂದಿದ್ದಾರೆ, ಮಲಬಾರಿಗೆ ತಪ್ಪಿಸಿಕೊಂಡು ಹೋಗಿದ್ದ ಹತ್ತು ಸಾವಿರ ಜನ, ಬಡತನ ಬಿಟ್ಟುಕೊಟ್ಟಷ್ಟು ಬೇಗ, ಹಿಂದಿರುಗುತ್ತಿದ್ದಾರೆ. ದ್ಯುಬುವಾರ ಸಂಖ್ಯೆಗೂ ಇವನ ಸಂಖ್ಯೆಗೂ ತಾಳೆಯಾಗದಿರಬಹುದು, ದಿಕ್ಕು ಒಂದೇ.

ಮರಳಿದವರಿಗೆ ಮನೆಯಿರಲಿಲ್ಲ. ಗದ್ದೆಯಲ್ಲಿ ಬೇರೆಯವರು ಉಳುತ್ತಿದ್ದರು. ಕುಟುಂಬಗಳು ಅರ್ಧಕ್ಕರ್ಧ ಕರಗಿದ್ದವು. ಎಲ್ಲರೂ ಮರಳಲೂ ಇಲ್ಲ. ಸೆರೆಯಲ್ಲಿ ಮದುವೆಯಾಗಿ, ಮಕ್ಕಳಾಗಿ, ಶ್ರೀರಂಗಪಟ್ಟಣವೇ ಊರಾದ ಹೆಂಗಸರಿಗೆ 1799ರ ಬಿಡುಗಡೆ ಎಂದರೆ ಇನ್ನೊಂದು ಅಗಲಿಕೆ. ಮಕ್ಕಳನ್ನು ಬಿಟ್ಟು ತವರಿಗೆ ಹೋಗಬೇಕು, ಇಲ್ಲವೇ ತವರನ್ನು ಮರೆಯಬೇಕು. ಮರೆತವರನ್ನು ನಂಬಿಕೆ ಕಳೆದುಕೊಂಡವರು ಎಂದು ಕರೆಯುವ ಧೈರ್ಯ ನನಗಂತೂ ಇಲ್ಲ.

ಬಾರಕೂರಿನ ಒಬ್ಬ ಕ್ರೈಸ್ತ ಸೆರೆಯಿಂದ ಬಂದ ಮೇಲೆ ತಾನು ಕಂಡದ್ದನ್ನು ಬರೆದಿಟ್ಟ. ಬರೆದದ್ದು ಕನ್ನಡದಲ್ಲಿ. ಮನೆಮಾತು ಕೊಂಕಣಿ, ಪೂಜೆಯ ಭಾಷೆ ಲ್ಯಾಟಿನ್, ದುಃಖಕ್ಕೆ ಕನ್ನಡ. ಇಪ್ಪತ್ತನೆಯ ಶತಮಾನದಲ್ಲಿ ‘ಖಡಾಪ್’ ಎಂಬ ಹೆಸರಿನ ವಿ.ಜೆ.ಪಿ. ಸಲ್ಡಾನ್ಹಾ ಇದೇ ಸೆರೆಯ ಕಾಲವನ್ನು ನೆನೆಯುವ ‘ಬೆಳ್ತಂಗಡಿಚೊ ಬಾಲ್ತಜಾರ್’ನಂಥ ಐತಿಹಾಸಿಕ ಕಾದಂಬರಿಗಳನ್ನು ಕನ್ನಡ ಲಿಪಿಯ ಕೊಂಕಣಿಯಲ್ಲಿ ಬರೆದರು. ಶಿರಾದಿಂದ ಗಂಜಾಮಿಗೆ ಹೋದ 12 ಸಾವಿರ ಕುಟುಂಬಗಳಿಗೆ ಇಂಥ ಕಾದಂಬರಿಕಾರ ಸಿಗಲಿಲ್ಲ. ಒಟ್ಟಿಗೆ ಕೂತು ನೆನೆಯಲು ಅವರಿಗೆ ಒಂದು ಹಬ್ಬವಾದರೂ ಇದ್ದಿದ್ದರೆ!

ಕರಾವಳಿಯವರಿಗೆ ಅದು ಇತ್ತು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಮರಿಯಮ್ಮನವರ ಹುಟ್ಟುಹಬ್ಬ, ಹೊಸಭತ್ತದ ಹಬ್ಬವೂ ಹೌದು. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂಡ ಇದನ್ನು ಶುರುಮಾಡಿದ್ದು ಬಿದನೂರು ಬಿದ್ದ ವರ್ಷದಲ್ಲೇ ಎನ್ನುತ್ತದೆ ಸಮುದಾಯದ ನೆನಪು. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಳ ಮುಂದೆ ಅರ್ಪಿಸುತ್ತಾರೆ, ಪಾದ್ರಿ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಯಲ್ಲಿ ಹಿರಿಯರು ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಕೊಡುತ್ತಾರೆ. ಆ ದಿನ ಮೀನು ಮಾಂಸವಿಲ್ಲ, ಎಲೆಯ ತುಂಬ ತರಕಾರಿ. ಗದ್ದೆ ಮಾರಿ ಬೆಂಗಳೂರು, ಮುಂಬೈ ಸೇರಿದವರೂ ಅಲ್ಲಿನ ಚರ್ಚುಗಳಲ್ಲಿ ತೆನೆ ಪಡೆಯುತ್ತಾರೆ. ಕೊಲ್ಲಿಯಲ್ಲಿ ದುಡಿಯುವ ಮಗನಿಗೆ ತಾಯಿ ಆಶೀರ್ವಾದದ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವುದೂ ಉಂಟು.