ಬಿಲ್ ಬಂದ ಮೇಲೆ ನೆಮ್ಮದಿಯೇ? ಉಗಾರದ ಸೀಮೆಯ ಕೆಲವು ನಂಬಿಕೆಗಳು

ಉಗಾರ ಬುದ್ರುಕದ ಚಹಾದಂಗಡಿಯಲ್ಲಿ ಯಾರನ್ನಾದರೂ ‘ಹೆಂಗದೀರಿ ಕಾಕಾ?’ ಎಂದು ಕೇಳಿ ನೋಡಿ. ಕೃಷ್ಣೆಯ ದಂಡೆ, ಕಣ್ಣು ಹಾಯುವವರೆಗೆ ಕಬ್ಬು, ಪಕ್ಕದ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಕಂಪನಿಯ ಸಕ್ಕರೆ ಕಾರ್ಖಾನೆ. ಹೊರಗಿನವರ ಕಣ್ಣಿಗೆ ಇದು ಬಂಗಾರದಂಥ ಸೀಮೆ. ಉತ್ತರ ಮಾತ್ರ ಹೆಚ್ಚಾಗಿ ಒಂದೇ ಧಾಟಿಯದು: ‘ನಡದೈತಿ ನೋಡ್ರಿ. ಬಿಲ್ ಆಗ್ಲಿ ಒಮ್ಮೆ.’ ಬಿಲ್ ಎಂದರೆ ಕಾರ್ಖಾನೆ ಕೊಡಬೇಕಾದ ಕಬ್ಬಿನ ಹಣ. ಮನಸ್ಸು ಯಾತರಿಂದ ಕೆಡುತ್ತದೆ, ಯಾತರಿಂದ ಹಗುರಾಗುತ್ತದೆ ಎಂಬ ಬಗ್ಗೆ ನಮ್ಮ ಭಾಗದಲ್ಲಿ ಗಟ್ಟಿಯಾದ ನಂಬಿಕೆಗಳಿವೆ. ಅವುಗಳಲ್ಲಿ ಕೆಲವು ತಲೆಕೆಳಗಾಗಿವೆ. ಸಮಾಧಾನ ಕೊಡುತ್ತದೆ ಎಂದುಕೊಂಡದ್ದೇ ಕಾಟ ಕೊಡುತ್ತಿರುತ್ತದೆ, ಕೆಟ್ಟ ಚಟ ಎಂದು ಬೈಸಿಕೊಳ್ಳುವುದು ಸದ್ದಿಲ್ಲದೆ ಕಾಪಾಡುತ್ತಿರುತ್ತದೆ.

‘ಬಿಲ್ ಬಂದ್ರ ಎಲ್ಲಾ ಚಲೋ ಆಗತೈತಿ’

ಇದನ್ನು ಪೂರ್ತಿ ಭ್ರಮೆ ಎಂದು ತಳ್ಳಿಹಾಕುವವರ ಮಾತನ್ನು ಮೊದಲು ನಂಬಬೇಡಿ. ರೊಕ್ಕದಿಂದ ಸುಖವಿಲ್ಲ, ಎಲ್ಲ ಮನಸ್ಸಿನಲ್ಲೇ ಇದೆ ಎಂದು ಸತ್ಕಾರದ ಶಾಲು ಹೊದ್ದು ವೇದಿಕೆಯ ಮೇಲಿಂದ ಹೇಳುವುದು ಸುಲಭ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಕಬ್ಬು ಬೆಳೆಗಾರರ ಮೇಲೆಯೇ ನಡೆದದ್ದು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ತಮಿಳುನಾಡಿನ 464 ರೈತರಿಗೆ ಕಟಾವಿನ ಮುಂಚೆ ಒಮ್ಮೆ, ಕಟಾವು ಮುಗಿದು ಹಣ ಸೇರಿದ ಮೇಲೆ ಒಮ್ಮೆ, ಬಿಟ್ಟುಹೋದ ಆಕೃತಿಯನ್ನು ಗುರುತಿಸುವ ಪರೀಕ್ಷೆ ಕೊಟ್ಟರು. ರೈತರು ಅವರೇ, ತಲೆಯೂ ಅದೇ. ಹಣ ಬಂದ ಮೇಲೆ ಅವರ ಸರಿಯುತ್ತರಗಳು ಸುಮಾರು ಕಾಲು ಭಾಗದಷ್ಟು ಹೆಚ್ಚಾದವು. ಕೈ ಬರಿದಾದಾಗ ತಲೆಯ ಒಂದು ಪಾಲು ‘ಯಾರ ಕಡೆ ಕೈಗಡ ಕೇಳಲಿ’ ಎನ್ನುವುದರಲ್ಲೇ ಸವೆದುಹೋಗುತ್ತದೆ, ಉಳಿದ ಕೆಲಸಕ್ಕೆ ಬುದ್ಧಿ ಸಾಲುವುದಿಲ್ಲ.

ಹಾಗಾಗಿ ತಡವಾದ ಬಿಲ್ಲಿನ ಸಂಕಟ ರೈತನ ದುರಭ್ಯಾಸವಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಳಿಸಿದ 14 ದಿನದೊಳಗೆ ಹಣ ಸಂದಾಯವಾಗಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ನಮ್ಮದೇ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತವರಿಗೆ ಬೇಕಾಗಿದ್ದದ್ದು ದರ. ಧ್ಯಾನ ಶಿಬಿರದಿಂದ ಆ ಕೊರತೆ ತುಂಬುವುದಿಲ್ಲ.

ಅಭ್ಯಾಸದ ಪಾಲು ಶುರುವಾಗುವುದು ಇದರ ಮುಂದೆ. ಕಬ್ಬಿನ ತೂಕದ ಚೀಟಿಯ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆದ ಲೆಕ್ಕವನ್ನು ಈ ಭಾಗದವರೆಲ್ಲ ಕಂಡಿರುತ್ತಾರೆ. ಸೊಸೈಟಿ ಸಾಲ, ಗೊಬ್ಬರದಂಗಡಿಯ ಉದ್ರಿ, ಭಿಶಿ ಹಪ್ತೆ, ಟ್ರ್ಯಾಕ್ಟರ್ ಹಪ್ತೆ, ಮಗಳ ಬಾಣಂತನ. ಕೆಳಗೊಂದು ಗೆರೆ, ಗೆರೆಯ ಕೆಳಗೆ ಮೊತ್ತ, ಅದು ಬಿಲ್ಲಿಗಿಂತ ದೊಡ್ಡದು. ಬಾರದ ಬಿಲ್ಲು ಆಗಲೇ ಖರ್ಚಾಗಿರುತ್ತದೆ. ಅದರ ಜೊತೆಗೆ ರೊಕ್ಕವೇ ಬೇಡದ ಕೆಲಸಗಳೂ ಬಿಲ್ಲಿನ ಆಚೆಗೆ ಹೋಗಿರುತ್ತವೆ. ರಾಯಬಾಗದಲ್ಲಿರುವ ಅಕ್ಕನನ್ನು ಮಾತಾಡಿಸಿ ಬರುವುದಕ್ಕೆ ಬಿಲ್ ಯಾಕೆ ಬೇಕು? ಚಿಂಚಲಿ ಮಾಯಕ್ಕನ ಜಾತ್ರೆಗೆ ಮೊಮ್ಮಕ್ಕಳನ್ನು ಕರೆದೊಯ್ಯುವುದಕ್ಕೆ? ಡೇನಿಯಲ್ ಕಾಹ್ನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಆದಾಯ ಒಂದು ಮಟ್ಟ ದಾಟಿದ ಮೇಲೆ ದಿನನಿತ್ಯದ ಸಂತೋಷ ಏರುವುದಿಲ್ಲ ಎಂದಿದ್ದರು. 2023ರಲ್ಲಿ ಕಾಹ್ನೆಮನ್ ಅವರೇ, ಬೇರೆ ಮಾತು ಹೇಳಿದ್ದ ಕಿಲ್ಲಿಂಗ್ಸ್‌ವರ್ತ್ ಜೊತೆ ಕೂತು ಮತ್ತೆ ಲೆಕ್ಕ ಹಾಕಿದಾಗ, ಹೆಚ್ಚಿನವರಲ್ಲಿ ಸಂತೋಷ ಏರುತ್ತಲೇ ಹೋಗುವುದು, ತೀರ ನೊಂದವರ ಒಂದು ಗುಂಪಿನಲ್ಲಿ ಮಾತ್ರ ಒಂದು ಹಂತದ ಮೇಲೆ ಹಣ ಕೆಲಸ ಮಾಡದಿರುವುದು ಕಂಡಿತು. ‘ರೊಕ್ಕ ಬಂದ್ರ ಎಲ್ಲಾ ಸರಿ’, ‘ರೊಕ್ಕದಾಗ ಏನೂ ಇಲ್ಲ’ ಎಂಬ ಎರಡು ಮಾತೂ ಈ ಲೆಕ್ಕಕ್ಕೆ ಕೂಡುವುದಿಲ್ಲ.

‘ಮಂದೀನ ನೋಡಿದ್ರ ಹುರುಪು ಬರತೈತಿ’

ಬರುತ್ತದೆ, ಆದರೆ ಯಾವುದಕ್ಕೆ ಬರುತ್ತದೆ ಎನ್ನುವುದನ್ನು ನೆದರ್ಲೆಂಡ್ಸಿನ ಒಂದು ಲಾಟರಿ ತೋರಿಸಿಕೊಟ್ಟಿತು. ಅಲ್ಲಿ ಪಿನ್‌ಕೋಡ್ ಮೇಲೆ ಲಾಟರಿ ಎತ್ತುತ್ತಾರೆ. ಒಂದೇ ಓಣಿಯಲ್ಲಿ ಟಿಕೆಟ್ ಕೊಂಡ ಮನೆಗೆ ಹಣದ ಜೊತೆ ಕಾರೂ ಬರಬಹುದು, ಕೊಳ್ಳದ ಪಕ್ಕದ ಮನೆಗೆ ಏನೂ ಇಲ್ಲ. ಪೀಟರ್ ಕೂನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನೂ ಗೆಲ್ಲದ ನೆರೆಮನೆಯವರು ಆಮೇಲೆ ಕಾರು ಕೊಳ್ಳುವುದು ಹೆಚ್ಚಾಗಿತ್ತು. ಗೆದ್ದವರೋ, ಆರು ತಿಂಗಳ ನಂತರ ಕೇಳಿದರೆ ಹೆಚ್ಚು ಸುಖಿಗಳೇನೂ ಆಗಿರಲಿಲ್ಲ.

ಈ ಓಣಿಯನ್ನು ಎತ್ತಿ ಕಾಗವಾಡ ತಾಲೂಕಿಗೆ ತಂದಿಟ್ಟರೆ ಬದಲಾಗುವುದು ಕಾರಿನ ಬದಲು ಟ್ರ್ಯಾಕ್ಟರ್, ಸ್ಲ್ಯಾಬ್ ಮನೆ ಮತ್ತು ಮದುವೆಯ ಪೆಂಡಾಲು ಅಷ್ಟೇ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ‘ಎಕರೆಗೆ 90 ಟನ್’ ಎಂದು ಹಾಕಿದವರು ಅದು ನಾಟಿ ಕಬ್ಬೋ ಕುಳೆಯೋ ಹೇಳಿರುವುದಿಲ್ಲ. ತಳಿ ತೂಕ ಹೆಚ್ಚು ಬರುವ 265ರದೋ, ಸಕ್ಕರೆ ಅಂಶ ಹೆಚ್ಚಿರುವ 86032ರದೋ ಎಂಬುದೂ ಇರುವುದಿಲ್ಲ. ಹೊಳೆದಂಡೆಯ ಕರಿ ಮಣ್ಣಿನ ಹೊಲಕ್ಕೂ ಮಡ್ಡಿಯ ಹೊಲಕ್ಕೂ ಹೋಲಿಕೆ ಏನು? ಅದೇ ಮನುಷ್ಯನ ಇನ್ನೊಂದು ಹೊಲ ಸವಳಾಗಿ ಬಿದ್ದಿರಬಹುದು, ಅದರ ಫೋಟೋ ಯಾರೂ ಹಾಕುವುದಿಲ್ಲ. ಹೋಲಿಸಲೇಬೇಕೆಂದರೆ ಗೊಬ್ಬರ, ನೀರು, ಕೂಲಿ ಕಳೆದು ಕೈಯಲ್ಲಿ ಉಳಿದದ್ದನ್ನು ಹೋಲಿಸಬೇಕು. ಆ ಲೆಕ್ಕವನ್ನು ಸ್ಟೇಟಸ್ಸಿಗೆ ಹಾಕಿದವರನ್ನು ನಾನಂತೂ ಕಂಡಿಲ್ಲ.

‘ಕಟ್ಟಿ ಮ್ಯಾಲ ಕುಂತು ಕೆಟ್ಟ’

ಪಾಪ, ಈ ಕಟ್ಟೆಗೆ ಇಲ್ಲದ ಅಪವಾದ. ಕೆಲಸ ಬಿಟ್ಟು ದಿನವಿಡೀ ಕೂತವನ ಮಾತು ಬೇರೆ. ಸಂಜೆ ಗುಡಿಯ ಕಟ್ಟೆಯ ಮೇಲೆ ಅರ್ಧ ತಾಸು ಕೂತು ಹರಟುವುದನ್ನು ‘ಟೈಮ್ ವೇಸ್ಟ್’ ಎಂದು ಬಿಟ್ಟು, ಮನೆಯಲ್ಲಿ ಮೊಬೈಲ್ ಹಿಡಿದು ಒಬ್ಬರೇ ಮಲಗುವ ಹೊಸ ಅಭ್ಯಾಸ ಅದಕ್ಕಿಂತ ದುಬಾರಿ. ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ಒಡನಾಟ ಗಟ್ಟಿ ಇದ್ದವರು ಬದುಕಿ ಉಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚಿತ್ತು. ಗುರುತಿಲ್ಲದವರ ಮಾತೂ ಲೆಕ್ಕಕ್ಕೆ ಬರುತ್ತದೆ. ಶಿಕಾಗೋದ ರೈಲುಗಳಲ್ಲಿ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತರ ಜೊತೆ ಮಾತಾಡಿದರೆ ಪ್ರಯಾಣ ಬೇಸರವಾಗುತ್ತದೆ ಎಂದು ಜನ ಊಹಿಸಿದ್ದರು, ಮಾತಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು. ಮಿರಜದಿಂದ ಶೇಡಬಾಳ, ಉಗಾರ, ಕುಡಚಿ ಹಾದು ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಮಿರಜದ ದವಾಖಾನೆಯಿಂದ ಮರಳುವವರ ಸ್ಕ್ಯಾನಿಂಗ್ ರಿಪೋರ್ಟು ಇಡೀ ಡಬ್ಬಿಯಲ್ಲಿ ಓಡಾಡಿ ಬರುತ್ತಿತ್ತು, ಕನ್ನಡದಲ್ಲೂ ಮರಾಠಿಯಲ್ಲೂ. ಈಗ ಇಯರ್‌ಫೋನ್ ಬಂದಿದೆ.

ಕಟ್ಟೆ ಗಂಡಸರದ್ದು ಎಂಬುದೂ ನಿಜ. ಹೆಣ್ಣುಮಕ್ಕಳಿಗೆ ಆ ಜಾಗ ಸ್ವಲ್ಪ ಮಟ್ಟಿಗೆ ಸಿಕ್ಕಿದ್ದು ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ. ಉಳಿತಾಯದ ಪಾಸ್‌ಬುಕ್ಕಿನ ನೆಪದಲ್ಲಿ ಅತ್ತೆಯ ಮನೆಯಿಂದ ಒಂದು ತಾಸು ಹೊರಗೆ ಬರುವುದಕ್ಕೆ ಇರುವ ಬೆಲೆಯನ್ನು ಯಾವ ಬ್ಯಾಂಕೂ ಬರೆದಿಡುವುದಿಲ್ಲ. ಆದರೆ ಇಲ್ಲೊಂದು ಎಚ್ಚರಿಕೆ. ಒಂದೇ ಸಂಕಟವನ್ನು ಒಂದೇ ಗೆಳತಿಯ ಮುಂದೆ ದಿನಾ ಅದೇ ಮಾತಿನಲ್ಲಿ ತೋಡಿಕೊಳ್ಳುವುದು ಸ್ನೇಹವನ್ನು ಬೆಳೆಸಿದರೂ ಹುಡುಗಿಯರಲ್ಲಿ ಖಿನ್ನತೆಯನ್ನೂ ಹೆಚ್ಚಿಸುತ್ತದೆ ಎಂದು ಅಮಾಂಡಾ ರೋಸ್ ಎಂಬ ಮನಶ್ಶಾಸ್ತ್ರಜ್ಞೆ ತೋರಿಸಿದ್ದಾರೆ. ‘ಮುಂದ ಏನ ಮಾಡೂಣು?’ ಎಂಬ ಪ್ರಶ್ನೆ ಮಾತಿನ ನಡುವೆ ಎಲ್ಲಾದರೂ ಬರಬೇಕು.

‘ತಂಬಾಕ ಹಾಕ್ಕೊಂಡ್ರ ತಲಿ ಹಗುರಾಗತೈತಿ’

ನಿಪ್ಪಾಣಿಯ ತಂಬಾಕಿನ ಸೀಮೆ ಇಲ್ಲಿಂದ ದೂರವಿಲ್ಲ. ಅಂಗೈಯಲ್ಲಿ ಎಲೆಪುಡಿ, ಉಗುರಿನ ತುದಿಯಲ್ಲಿ ಸುಣ್ಣ, ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ತಟ್ಟಿ, ತುಟಿಯ ಹಿಂದೆ ಇಟ್ಟರೆ ಐದು ನಿಮಿಷದಲ್ಲಿ ಹಾಯೆನಿಸುತ್ತದೆ. ಆ ಹಾಯಿ ಸುಳ್ಳಲ್ಲ, ಅದರ ಕಾರಣ ಬೇರೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ತಾಸಿಗೆ ಅರ್ಧವಾಗುತ್ತದೆ, ಅದು ಇಳಿದಂತೆ ಕಿರಿಕಿರಿ, ತಳಮಳ, ಗಮನ ನಿಲ್ಲದಿರುವುದು ಏರುತ್ತವೆ. ಮುಂದಿನ ಚಿಟಿಕೆ ಇಳಿಸುವುದು ಹಿಂದಿನ ಚಿಟಿಕೆ ಎಬ್ಬಿಸಿದ ತಳಮಳವನ್ನು. ಹೊಲದ ಚಿಂತೆ ಇದ್ದಲ್ಲೇ ಇರುತ್ತದೆ.

ಬಿಟ್ಟರೆ ಹುಚ್ಚು ಹಿಡಿದಂತಾಗುತ್ತದೆ ಎಂಬ ಹೆದರಿಕೆ ಮೊದಲ ಕೆಲವು ವಾರಗಳ ಮಟ್ಟಿಗೆ ಸರಿ. ಆಮೇಲಿನ ಚಿತ್ರ ಬೇರೆ: 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ, 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯಲ್ಲಿ ಧೂಮಪಾನ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಬಿಡದವರಿಗಿಂತ ಕಡಿಮೆಯಾಗಿದ್ದವು. ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಪುಕ್ಕಟೆ ಫೋನ್ ಮಾಡಬಹುದು. ರಾತ್ರಿ ತ್ರೀಫೇಸ್ ಕರೆಂಟಿಗೆ ಕಾದು ನೀರು ಹಾಯಿಸಿ ಬಂದು ನಿದ್ದೆಗೆಂದು ಕುಡಿಯುವವರ ಕಥೆಯೂ ಇದೇ. ಸೆರೆ ಬೇಗ ಮಲಗಿಸುತ್ತದೆ, ನಡುರಾತ್ರಿಯ ನಂತರ ನಿದ್ದೆಯನ್ನು ಚೂರುಚೂರು ಮಾಡುತ್ತದೆ.

‘ಸಿಟ್ಟು ಒಳಗ ಇಟ್ಕೋಬಾರದು, ಬೈದ್ರ ಹಗುರ’

ಬದುವಿನ ಜಗಳ ಇಲ್ಲದ ಊರು ಯಾವುದಿದೆ? ಒಂದು ಗೇಣು ಒತ್ತುವರಿಗೆ ಅಣ್ಣತಮ್ಮಂದಿರು ಮಾತು ಬಿಟ್ಟು, ಮಕ್ಕಳ ಮದುವೆಗೂ ಹೋಗದೆ ಉಳಿದವರಿದ್ದಾರೆ. ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 600 ವಿದ್ಯಾರ್ಥಿಗಳಿಗೆ ಮೊದಲು ಸಿಟ್ಟು ಬರಿಸಿ, ಕೆಲವರಿಗೆ ಆ ಮನುಷ್ಯನನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಹೊಡೆಯಲು ಹೇಳಿದರು, ಕೆಲವರನ್ನು ಎರಡು ನಿಮಿಷ ಸುಮ್ಮನೆ ಕೂರಿಸಿದರು. ಹೊಡೆದವರ ಸಿಟ್ಟು ಹೆಚ್ಚಾಗಿ ಉಳಿಯಿತು, ಸುಮ್ಮನೆ ಕೂತವರದು ಇಳಿಯಿತು. 2024ರಲ್ಲಿ 154 ಅಧ್ಯಯನಗಳನ್ನು ಸೇರಿಸಿ ನೋಡಿದಾಗಲೂ ಸಿಟ್ಟು ಇಳಿಸಿದ್ದು ಉಸಿರು, ಧ್ಯಾನ, ವಿಶ್ರಾಂತಿಯಂಥ ಮೈಯ ಕಾವು ತಗ್ಗಿಸುವ ಉಪಾಯಗಳು. ಕೂಗಾಟ ಅದನ್ನು ಮಾಡಲಿಲ್ಲ.

ನಮ್ಮ ಕಾಗವಾಡ, ಅಥಣಿ, ಚಿಕ್ಕೋಡಿಯ ಜೈನ ಮನೆಗಳಲ್ಲಿ ಇದಕ್ಕೊಂದು ಹಳೆಯ ವ್ಯವಸ್ಥೆಯೇ ಇದೆ. ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯ ದಿನ ಬಂಧುಗಳನ್ನೂ ನೆರೆಯವರನ್ನೂ ಕಂಡು ‘ಉತ್ತಮ ಕ್ಷಮಾ’ ಎನ್ನುತ್ತಾರೆ. ತಪ್ಪು ಯಾರದೆಂದು ಮೊದಲು ತೀರ್ಮಾನ ಮಾಡಿ ಎಂದು ಆ ದಿನ ಯಾರೂ ಕೇಳುವುದಿಲ್ಲ, ಅದರ ಜಾಣತನ ಇರುವುದೇ ಅಲ್ಲಿ. ಬದುವಿನ ಮೋಜಣಿ ಬೇಕಾದರೆ ತಹಶೀಲ್ದಾರ ಕಚೇರಿಗೆ ಅರ್ಜಿ ಕೊಡಬಹುದು, ಮಾತಾಡುತ್ತಲೇ ಕೊಡಬಹುದು. ಈಗ ಕ್ಷಮಾವಣಿಯೂ ಫಾರ್ವರ್ಡ್ ಮೆಸೇಜಾಗಿದೆ, ನೂರು ಮಂದಿಗೆ ಒಂದೇ ಸಲ. ಮಾತು ಬಿಟ್ಟ ತಮ್ಮನ ನಂಬರು ಆ ಪಟ್ಟಿಯಲ್ಲಿ ಇದೆಯೇ ಎಂದು ನೋಡುವವರು ಕಡಿಮೆ.

‘ಹೊಳಿ ಸುದ್ದಿ ನೋಡ್ತಾ ಇದ್ರ ಧೈರ್ಯ’

2005, 2019, 2021ರ ಮಹಾಪೂರ ಕಂಡವರಿಗೆ ಆಷಾಢ ಶ್ರಾವಣದಲ್ಲಿ ಭಯ ಸಹಜ. ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ಕೊಯ್ನಾದಿಂದ ಎಷ್ಟು, ಕುಡಚಿ ಸೇತುವೆ ಮುಳುಗಿತೋ ಇಲ್ಲವೋ, ಇವು ಬೇಕಾದ ಮಾಹಿತಿಗಳೇ. ಆದರೆ 2019ರ ಹಳೆ ವಿಡಿಯೋ ‘ಇವತ್ತಿಂದು’ ಎಂದು ರಾತ್ರಿ ಹನ್ನೊಂದಕ್ಕೆ ಬಂದಾಗ ಅದನ್ನು ಮೂರು ಗುಂಪಿಗೆ ಕಳಿಸಿ ಮಲಗಿದರೆ ಧೈರ್ಯ ಎಲ್ಲಿಂದ ಬರಬೇಕು? 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ ಆರು ತಾಸಿಗಿಂತ ಹೆಚ್ಚು ಆ ಸುದ್ದಿ ನೋಡಿದವರ ಮನಸ್ಸಿನ ಒತ್ತಡ, ಸ್ಫೋಟದ ಜಾಗದಲ್ಲೇ ಇದ್ದವರದಕ್ಕಿಂತ ಹೆಚ್ಚಾಗಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಾಲೂಕಾಡಳಿತದ ಪ್ರಕಟಣೆ ನೋಡಿದರೆ ದನ ಹೊಡೆದುಕೊಂಡು ಹೋಗುವ ನಿರ್ಧಾರಕ್ಕೆ ಸಾಕು.

‘ಇದೆಲ್ಲಾ ಮನಸಿನ ಸೋಗು’

ಎರಡು ವಾರ ದಾಟಿದರೂ ಊಟ, ನಿದ್ದೆ, ಹೊಲಮನೆಯ ಕೆಲಸ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಅಭ್ಯಾಸದ ಮಾತನ್ನು ದಾಟಿದ ಕಾಯಿಲೆಯಾಗಿರಬಹುದು. ‘ಗಟ್ಟಿ ಆಗು’ ಎಂದರೆ ಟೈಫಾಯ್ಡ್ ಹೋಗುವುದಿಲ್ಲ, ಇದೂ ಹೋಗುವುದಿಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಜನರಲ್ಲಿ ಮಾನಸಿಕ ತೊಂದರೆ ಕಂಡಿತು, ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗುವ ಮೊದಲು 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

‘ಇಪ್ಪತ್ತೊಂದ ದಿನ ಬಿಟ್ರ ಚಟ ಹೋಗತೈತಿ’

ಈ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕು ಎಂದು 1960ರಲ್ಲಿ ಬರೆದ. ‘ಕನಿಷ್ಠ’ ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪಾ ಲಾಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ಬರಲು ಹಿಡಿದ ಕಾಲ ಮಧ್ಯಮ ಲೆಕ್ಕದಲ್ಲಿ 66 ದಿನ, ಒಬ್ಬೊಬ್ಬರಿಗೆ ಒಂದೊಂದು ತರಹ, 18ರಿಂದ 254ರವರೆಗೆ. ಇಪ್ಪತ್ತೆರಡನೇ ದಿನವೂ ಕೈ ತಂಬಾಕಿನ ಡಬ್ಬಿಗೆ ಹೋಯಿತೆಂದು ‘ನನ್ನ ಕಡೆ ಆಗೂದಿಲ್ಲ ಬಿಡ್ರಿ’ ಎಂದು ಕೈಚೆಲ್ಲುವವರು ಅದೇ ಅಧ್ಯಯನದ ಇನ್ನೊಂದು ಮಾತನ್ನು ಕೇಳಬೇಕು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಆಗಲಿಲ್ಲ.