ಮಾಣಿಕನಗರದ ಪೇಢಾ ಅಂಗಡಿಗೆ ಒಂದು ರೀಲ್

ಹುಮನಾಬಾದ್ ಪಕ್ಕದ ಮಾಣಿಕನಗರ. ಸಂತ ಮಾಣಿಕ ಪ್ರಭುಗಳು 1865ರಲ್ಲಿ ಸಮಾಧಿಸ್ಥರಾದ ಊರು. ದತ್ತ ಜಯಂತಿಗೆ ಇಲ್ಲಿ ಕನ್ನಡ, ಮರಾಠಿ, ತೆಲುಗು ಮಾತಾಡೋರೆಲ್ಲ ಸೇರ್ತಾರೆ. ಉತ್ಸವ ಮುಗಿದ ಮೇಲೆ? ಪೇಢಾ ಅಂಗಡಿಯವರಿಗೆ ರೀಲ್ ಬೇಕಾಗೋದೇ ಆಗ.

ಭಾಷಣ ಬೇಡ. ಬಾಣಲೆಯಲ್ಲಿ ಖೋವಾ ಕೆಂಪಗಾಗೋದನ್ನ ಹತ್ತಿರದಿಂದ ತೋರಿಸಿ. ಮಾತು ಕನ್ನಡದಲ್ಲಿರಲಿ, ಕೆಳಗಿನ ಅಕ್ಷರ ಮರಾಠಿಯಲ್ಲೂ ಬರಲಿ. ಬೆಲೆ, ವಾಟ್ಸಾಪ್ ನಂಬರ್ ಎರಡೂ ಹಾಕಿ. ‘ಬೆಲೆಗೆ ಮೆಸೇಜ್ ಮಾಡಿ’ ಅಂದ್ರೆ ಗಿರಾಕಿ ಮುಂದಿನ ರೀಲ್‌ಗೆ ಹೋದ, ಮುಗೀತು!

ಇನ್ನೊಂದು ಮಾತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಲಕ್ಷಾಂತರ ಫಾಲೋವರ್ಸ್ ಇದ್ದೋರೂ ರಾತ್ರೋರಾತ್ರಿ ಬರಿಗೈ ಆದ್ರು. ಅದಕ್ಕೇ ಖಾಯಂ ಗಿರಾಕಿಗಳ ನಂಬರನ್ನ, ಅವರನ್ನ ಕೇಳಿಯೇ, ಅಂಗಡಿಯ ವಹಿಯಲ್ಲಿ ಬರೆದಿಡಿ.